ಬೆಳಕಿಂಡಿ ಇಲ್ಲದ ಖೋಲಿ

ಅಬಲೂರಿನ ಹಾಲವ್ವನ ಮನ್ಯಾಗ ಏಳು ವರ್ಷದಿಂದ ದಿನಾ ನಸುಕಿನ್ಯಾಗ ಒಂದು ದನಿ ಕೇಳತಿತ್ತು. "ಹಾಲವ್ವಾ, ಬೆಳಗಾತೇನ?" ಅಷ್ಟ. ಎರಡನೇ ಮಾತಿಲ್ಲ. ನೀವು ನಂಬ್ರಿ, ಬಿಡ್ರಿ. ನಂಬಲಿಲ್ಲಂದ್ರ ಹಾಲವ್ವಗೇನೂ ನುಕ್ಸಾನಿಲ್ಲ. ಆಕಿ ಇದನ್ನ ಯಾರ ಮುಂದೂ ಬಾಯಿಬಿಟ್ಟು ಹೇಳಿದಾಕಿ ಅಲ್ಲ.

ದನಿ ಆಕಿ ಗಂಡಂದು. ಪರಮೇಶಪ್ಪ ಅಂತ ಅವನ ಹೆಸರು. ಆ ಹೆಸರು ಆಕಿ ಬಾಯಾಗ ಬಂದಿದ್ದು ಲಗ್ನದಾಗ ಒಡಪು ಹೇಳೂಮುಂದ ಒಂದ ಸಲ. ಅವರದು ಹಳೇ ಮಣ್ಣಿನ ಮನಿ. ಪರಮೇಶಪ್ಪ ಒಳಗಿನ ಖೋಲ್ಯಾಗ, ಜ್ವಾಳದ ಚೀಲದ ಬಾಜೂಕ ಮಲಗತಿದ್ದ. ಅಲ್ಲಿ ಕಿಡಕಿ ಇಲ್ಲ, ಮಟಮಟ ಮಧ್ಯಾಹ್ನದಾಗೂ ಕತ್ತಲಿ. ಹಾಲವ್ವ ಮಲಗೂದು ಪಡಸಾಲ್ಯಾಗ, ಬೆಳಕಿಂಡಿ ಕೆಳಗ. ಮಾಳಿಗಿಯಾಗಿನ ಆ ಕಿಂಡ್ಯಾಗ ಒಂದು ತುಂಡು ಆಕಾಶ ಕಾಣತಿತ್ತು. ಎಚ್ಚರಾದ ಕೂಡ್ಲೆ ಅಂವ ಒಳಗಿಂದ ಕೇಳಾಂವ. ಆಕಿ ಮ್ಯಾಲೆ ನೋಡಿ "ಆಗೇತಿ, ಏಳ್ರಿ" ಅನ್ನಾಕಿ, ಇಲ್ಲಾ "ಇನ್ನೂ ಬೆಳ್ಳಿ ಮೂಡಿಲ್ಲ, ಮಲಕೊಳ್ರಿ" ಅನ್ನಾಕಿ. ಏಳಂದ್ರ ಏಳಾಂವ, ಮಲಗಂದ್ರ ಮಲಗಾಂವ. ಇಂಥಾ ಗಂಡಸರು ಈಗ ಎಲ್ಲಿ ಸಿಗ್ತಾರ? ಎದ್ದ ಮ್ಯಾಲೆ ತನ್ನ ಹಿತ್ತಾಳಿ ತಂಬಿಗಿ ತುಂಬಿಕೊಂಡು ಹಳ್ಳದ ದಂಡಿಗೆ ಹೊರಕಡೆ ಹೋಗಾಂವ. ಆಗ ಊರಾಗ ಯಾರ ಮನ್ಯಾಗ ಪಾಯಖಾನಿ ಇತ್ತು? ನಾಲ್ಕು ಗ್ವಾಡಿ ನಡುವ ಕುಂಡ್ರೂದಂದ್ರ ಅವಗ ಹೊಟ್ಟಿ ತೊಳಸತಿತ್ತು.

ಎಪ್ಪತ್ನಾಕನೇ ಇಸವಿ, ದೀಪಾವಳಿ ಮುಗಿದು ತಿಂಗಳಾಗಿತ್ತು. ಸವಣೂರಿನ ವೀಳ್ಯದೆಲಿ ವ್ಯಾಪಾರಿ ನಬೀಸಾಬ, ಪರಮೇಶಪ್ಪನ ಹಳೇ ದೋಸ್ತ, ರಟ್ಟೀಹಳ್ಳಿ ಸಂತ್ಯಾಗ ಸಿಕ್ಕು ಹಡಗಿನ ಸುದ್ದಿ ತೆಗೆದ. ಎಲಿ ಪೆಂಡಿ ತಗೊಂಡು ಪಣಜಿಗೆ ಹೋಗೂದು, ಅಲ್ಲಿಂದ ಹಡಗ ಹತ್ತಿದ್ರ ಮರುದಿನ ಮುಂಜಾನಿ ಮುಂಬೈ. ಪರಮೇಶಪ್ಪಗ ಹುಚ್ಚ ಹಿಡೀತು. ಹಡಗ ಹತ್ತದ ಸತ್ರ ಹುಟ್ಟಿದ್ದೂ ದಂಡ ಅಂತ ಮನಿತುಂಬ ಓಡ್ಯಾಡಿದ.

"ನಾನೂ ಬರ್ತೇನಿ" ಅಂದ್ಲು ಹಾಲವ್ವ. ಹಾನಗಲ್ಲು ದಾಟಿ ಲೋಕ ಕಂಡಾಕಿ ಅಲ್ಲ ಪಾಪ.

"ಹೆಣ್ಣಮಕ್ಕಳಿಗೆ ಹಡಗ್ಯಾಕ? ಮನಿ ಯಾರು ನೋಡ್ತಾರ?"

ಹಾಲವ್ವಗ ಸಿಟ್ಟು ನೆತ್ತಿಗೇರ್ತು. "ಹೋಗ್ರಿ, ಒಬ್ಬರ ಹೋಗ್ರಿ! ಆದ್ರ ಬೆಳಗಾತೇನಂತ ಇನ್ನ ನನ್ನ ಕೇಳಾಕ ಬರಬ್ಯಾಡ್ರಿ" ಅಂದು ಬಿಟ್ಲು. ಅಂವ ತನ್ನ ತಂಬಿಗಿ ಕೈಚೀಲದಾಗ ಇಟ್ಟುಕೊಂಡ. ಚಪ್ಪಲಿ ಮೆಟ್ಟಿ ಹೋದ. ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು.

ಐದನೇ ದಿನ ನಬೀಸಾಬ ಒಬ್ಬನ ಬಂದ. ಕೈಯಾಗ ಪರಮೇಶಪ್ಪನ ಕೈಚೀಲ, ತಲಿಗೆ ಸುತ್ತೂ ಪಟಗಾ, ಒಂದ ಜೋಡ ಚಪ್ಪಲಿ. ಕಟ್ಟಿ ಮ್ಯಾಲೆ ಕುಸದು ಕುಂತು ಹೇಳಿದ. "ನಾನು ಎಲಿ ಕಾಯಾಕ ಹಡಗಿನ ಬಯಲು ಅಟ್ಟದ ಮ್ಯಾಲೆ ಮಲಗಿದ್ದೆ ತಂಗೆವ್ವಾ. ಅಂವ ನನಗ ಖೋಲಿನ ಬೇಕು ಅಂತ ಹಟ ಹಿಡದು ತಗೊಂಡಿದ್ದ. ಮುಂಜಾನಿ ಚಾ ಒಯ್ದ್ರ ಹಾಸಗಿ ಖಾಲಿ. ಹಡಗಿನ ಹಿಂದಿನ ತುದ್ಯಾಗ ಈ ಚಪ್ಪಲಿ ಇದ್ವು, ಒಂದರ ಮಗ್ಗಲ ಒಂದು." ನೀರಾಗ ಹುಡುಕಿಸಿದ್ರಂತ. ಹೆಣ ಸಿಗಲಿಲ್ಲ.

ಒಂದರ ಮಗ್ಗಲ ಒಂದು! ಬಾವಿಗೆ ಹಾರಾವ್ರು ದಂಡಿ ಮ್ಯಾಲೆ ಚಪ್ಪಲಿ ಬಿಡೂದು ಹಂಗ. ಊರಿಗೆ ಮತ್ತೇನು ಬೇಕು? "ಹೆಂಡ್ತಿ ಬಾಯಿಗೆ ಬ್ಯಾಸತ್ತು ನೀರಿಗೆ ಹಾರಿದ" ಅಂದ್ರು. ಎಲ್ಲರಿಗಿಂತ ಮೊದ್ಲ ಅಂದಾಕಿ ನೆಗೆಣ್ಣಿ ಅನ್ನವ್ವ. ಆಕಿ ನಾಲಿಗಿ ಹೊಸಾ ಕುಡಗೋಲು. ಹಾಲವ್ವಗೂ ಹಂಗ ಅನಿಸಿದ್ಮ್ಯಾಲೆ ಯಾರಿಗೆ ಏನನ್ನೂದು? ಕೈಚೀಲ ಬಿಚ್ಚಿ ನೋಡಿದ್ಲು. ಅಂಗಿ ಇತ್ತು, ವಿಭೂತಿ ಇತ್ತು, ಕಟ್ಟಿಕೊಟ್ಟ ರೊಟ್ಟಿ ಇತ್ತು. ತಂಬಿಗಿ ಇರಲಿಲ್ಲ. "ಯಾವನೋ ಕದ್ದಿರಬೇಕು ಬಿಡ" ಅಂದ್ರು ಮಂದಿ. ಗಂಡನ ಕಳಕೊಂಡಾಕಿ ತಂಬಿಗಿ ಚಿಂತಿ ಮಾಡ್ತಾಳೇನು?

ಒಂಬತ್ತನೇ ದಿನ ನಸುಕಿನ್ಯಾಗ ಒಳಗಿನ ಖೋಲಿಯಿಂದ ದನಿ ಬಂತು. "ಹಾಲವ್ವಾ, ಬೆಳಗಾತೇನ?"

ಹಾಲವ್ವ ಸೆರಗು ಬಾಯಾಗ ತುರುಕಿಕೊಂಡು ಗಪ್ಪಾದ್ಲು. ಕೇಳಾಕ ಬರಬ್ಯಾಡ್ರಿ ಅಂದಾಕಿ ತಾನು. ಈಗ ಯಾವ ಮಾರಿಲೆ ಉತ್ತರ ಕೊಡೂದು? ಬೆಳಕು ಹರದ ಮ್ಯಾಲೆ ಒಳಗ ಹೋಗಿ ನೋಡಿದ್ರ ಚೀಲದ ಬಾಜೂಕ ನೆಲ ಹಸಿ. ನಾಲಿಗಿಗೆ ಹಚ್ಚಿದ್ಲು. ಉಪ್ಪು.

ಏಳು ವರ್ಷ ಹಂಗ ನಡೀತು. ಅಂವ ಕೇಳಾಂವ, ಈಕಿ ಉತ್ತರ ಕೊಡಲಾರದ ಬಿಕ್ಕಾಕಿ. ಹಿರೇರು ಒಂದಿನ ಕರದು ಹೇಳಿದ್ರು. "ಎಷ್ಟು ದಿನಾ ಹಿಂಗ? ಅವನ ಪಟಗಾ ಕುಣ್ಯಾಗ ಇಟ್ಟು ಎಲ್ಲಾರೂ ಮಣ್ಣು ಕೊಡೂಣು. ಬಳಿ ತಗದ ಬಿಡವ್ವ." ನಮ್ಮ ಮಂದ್ಯಾಗ ಸತ್ತಾವರನ್ನ ಕುಣ್ಯಾಗ ಕುಂಡ್ರಿಸಿ ಹಿಡಿ ಹಿಡಿ ಮಣ್ಣು ಕೊಡೂದ ಕಡೀ ಋಣ. ಹಾಲವ್ವ ತಲಿ ಅಲ್ಲಾಡಿಸಿದ್ಲು. ನನ್ನ ಮಾತ ಅವರನ್ನ ಕೊಂದಿದ್ರ, ಅದ ಬಾಯಿಲೆ ಶಿವಾ ಅಂದು, ಇದ ಕೈಲೆ ಹೆಂಗ ಮಣ್ಣು ಕೊಡಲಿ? ತನ್ನ ಮಾತ ಕೊಂದಿತೋ ಇಲ್ಲೋ, ಅದೊಂದು ಗೊತ್ತಾಗಬೇಕಿತ್ತು ಆಕಿಗೆ.

ಸವಣೂರಿಗೆ ಹೋಗಿ ನಬೀಸಾಬನ ಮುಂದ ಕುಂತ್ಲು. "ಅಣ್ಣಾ, ಅದ ಹಡಗ, ಅದ ಖೋಲಿ. ಒಂದ ರಾತ್ರಿ. ನನ್ನ ಕರಕೊಂಡು ಹೋಗು." ಮುದುಕಾಗಿದ್ದ ನಬೀಸಾಬ ಬ್ಯಾಡ ಅನ್ನಾಕ ಬಾಯಿ ತಗದ, ಆಕಿ ಮಾರಿ ನೋಡಿ ಮುಚ್ಚಿದ.

ಹೊಂಡೂ ದಿನ ಬಸ್ಸಿನ ತನಕ ಬಂದಾಕಿ ಅನ್ನವ್ವ ಒಬ್ಬಾಕಿನ. ಹಾಲವ್ವನ ಸೆರಗಿನ ತುದಿ ಹಿಡದು ಹೊಲದ ಒಂದು ಹಿಡಿ ಎರಿ ಮಣ್ಣು ಗಂಟು ಹಾಕಿದ್ಲು. "ಕೊಡಬೇಕನಿಸಿದ್ರ ಕೊಡು, ಇಲ್ಲಾ ವಾಪಸ್ ತಾ" ಅಂದು ಮಾರಿ ತಿರುವಿಕೊಂಡು ಹೋದ್ಲು. ಕುಡಗೋಲಿಗೂ ಕಣ್ಣೀರು ಬರ್ತಾವಂತ ಹಾಲವ್ವಗ ಆವತ್ತ ಗೊತ್ತಾತು.

ಪಣಜ್ಯಾಗ ತಿಕೀಟು ಕೊಡಾಂವ ಮೊದ್ಲ ಹೇಳಿದ. ಸಮುದ್ರ ಕಾಣೂ ಖೋಲಿಗೆ ರೇಟು ಜಾಸ್ತಿ, ಒಳಗಿನ ಖೋಲಿ ಸಸ್ತಾ, ಆದ್ರ ಕಿಡಕಿ ಇಲ್ಲ, ಆಮ್ಯಾಲೆ ತಕರಾರು ಮಾಡಬಾರದು. ಹಾಲವ್ವ ತಕರಾರು ಮಾಡಾಕ ಬಂದಿದ್ಲೇನು? ನಬೀಸಾಬ ಕೆಳಗಿಳಿಸಿ ಮೂರನೇ ಬಾಗಲಾ ತೋರಿಸಿದ. ಒಳಗ ಒಂದರ ಮ್ಯಾಲೊಂದು ಎರಡು ಹಲಗಿ ಹಾಸಗಿ, ನಾಲ್ಕೂ ಕಡೆ ಕಬ್ಬಿಣದ ಗ್ವಾಡಿ, ನೆತ್ತಿ ಮ್ಯಾಲೆ ಒಂದು ಬಲ್ಬು. ಗ್ವಾಡಿಗೆ ಕಿವಿ ಹಚ್ಚಿದ್ರ ಎಂಜಿನ್ನಿನ ಗುಡುಗುಡು, ಅದರಾಚೆ ನೀರು ತಿಕ್ಕೂ ಸಪ್ಪಳ. ಬಾಗಲಾ ಹಾಕಿದ ಮ್ಯಾಲೆ ಹಗಲು ಯಾವುದು, ರಾತ್ರಿ ಯಾವುದು, ಆ ಶಿವಗ ಗೊತ್ತು.

ರೊಟ್ಟಿ ತಿಂದು, ದೀಪ ಆರಿಸಿ, ಕೆಳಗಿನ ಹಲಗಿ ಮ್ಯಾಲೆ ಮಲಗಿದ್ಲು. ಯಾವಾಗ ಕಣ್ಣು ಹತ್ತಿತೋ. ತಣ್ಣನ್ನ ಒಂದು ಹನಿ ಹಣಿ ಮ್ಯಾಲೆ ಬಿದ್ದು ಎಚ್ಚರಾತು. ಮ್ಯಾಲಿನ ಹಲಗಿ ಕಿರ್ರ್ ಅಂತು. ಯಾರೋ ಮಗ್ಗಲಾ ಬದಲಿಸಿದ್ರು.

"ಹಾಲವ್ವಾ, ಬೆಳಗಾತೇನ?"

ರೂಢಿ ನೋಡ್ರಿ, ಹೆದರೂಕಿಂತ ಮೊದ್ಲ ಕಣ್ಣು ಮ್ಯಾಲೆ ಹೋತು, ಬೆಳಕಿಂಡಿ ಹುಡುಕಿಕೊಂತ. ಕತ್ತಲಿ. ಏಳು ವರ್ಷದಾಗ ಮೊದಲನೇ ಸಲ ಆಕಿ ಬಾಯಿ ಬಿಟ್ಲು. "ನನಗ ಕಾಣವಲ್ದರಿ."

ಮ್ಯಾಲೆ ಸಪ್ಪಳ ನಿಂತ ಬಿಡ್ತು. ದೀಪ ಹಚ್ಚಿ ನೋಡಿದ್ರ ಮ್ಯಾಲಿನ ಹಾಸಗಿ ಖಾಲಿ, ಆದ್ರ ನಡುವ ಒದ್ದಿ. ಆಕಿಗೆ ಹೊರಕಡೆ ಅವಸರಾತು. ದನಿ ಯಾವಾಗ್ಲೂ ನಸುಕಿನ್ಯಾಗ ಬರೂದು, ಅಂದ್ರ ಈಗ ನಸುಕಾಗಿರಬೇಕು. ಬೆಳಕು ಹರದ್ರ ಗಂಡಸರು ಏಳ್ತಾರ, ಹೆಣ್ಣಮಕ್ಕಳು ಹೊರಕಡೆ ಹೋಗೂದು ಹೆಂಗ? ಊರಿಂದ ತಂದಿದ್ದ ತಂಬಿಗಿ ತುಂಬಿಕೊಂಡು ಲಗುಲಗು ಹೊಂಟ್ಲು. ಹಡಗಿನ ಪಾಯಖಾನಿ ಬಾಗಲಾ ತಗದ್ಲು. ಮಂದಿ ವಾಂತಿ ಮಾಡಿದ್ರು, ಸಾಲದ್ದಕ್ಕ ನಾಲ್ಕು ಕಬ್ಬಿಣದ ಗ್ವಾಡಿ. ಥೂ ಅಂತ ಹಿಂದ ಸರದು ಮೆಟ್ಲ ಹತ್ತಿದ್ಲು.

ಮ್ಯಾಲೆ ಮಂದಿ ಸಾಲಾಗಿ ಮಲಗಿದ್ರು. ಕುಂಡ್ರಾಕ ಮರೆಯಾದ ಜಾಗಾ ಹುಡುಕಿಕೊಂತ ಹಿಂದಿನ ತುದಿಗೆ ಬಂದ್ಲು. ಅಲ್ಲೊಂದು ದೊಡ್ಡ ಕಟಗಿ ಪೆಟಗಿ, ಅದರ ಹಿಂದ ಮೊಣಕಾಲೆತ್ತರ ಸರಪಳಿ, ಸರಪಳಿ ಆಚೆ ಒಬ್ಬರು ಕುಂಡ್ರೂವಷ್ಟು ಕಟ್ಟಿ. ಯಾರಿಗೂ ಕಾಣದ ಜಾಗಾ, ತಣ್ಣನ್ನ ಗಾಳಿ, ಥೇಟ್ ಹಳ್ಳದ ದಂಡಿ. ಕಬ್ಬಿಣ ಒದ್ದ್ಯಾಗಿ ಜಾರತಿತ್ತು. ಬರಿಗಾಲಾದ್ರ ಹಿಡತ ಸಿಗ್ತೈತಿ ಅಂತ ಚಪ್ಪಲಿ ಬಿಟ್ಲು. ತಂಬಿಗಿ ಎಡಗೈಯಾಗ ಹಿಡದು, ಒಂದು ಕಾಲು ಎತ್ತಿ ಸರಪಳಿ ಆಚೆ ಇಟ್ಲು. ಸೀರಿ ಸಿಕ್ಕೊಂತು. ಬಿಡಿಸಾಕ ಬಗ್ಗಿದಾಗ ಹಿಂದ ಬಿಟ್ಟ ತನ್ನ ಚಪ್ಪಲಿ ಕಂಡ್ವು.

ಒಂದರ ಮಗ್ಗಲ ಒಂದು.

ತಲಿ ಎತ್ತಿ ಮುಗಲು ನೋಡಿದ್ಲು. ಬೆಳ್ಳಿ ಮೂಡಿರಲಿಲ್ಲ. ನಸುಕೂ ಇಲ್ಲ, ಏನೂ ಇಲ್ಲ, ನಟ್ಟನಡು ರಾತ್ರಿ. ಕೆಳಗ ಕರೀ ನೀರು ಕುದಿಯಾಕತ್ತಿತ್ತು.

"ಅಯ್ಯ ನನ್ನಪ್ಪಾ, ತಂಬಿಗಿ ತಗೊಂಡು ಹೊಂಟಿದ್ರ್ಯಾ!" ಸಾಯಾಕ ಹೊಂಟಾಂವ ತಂಬಿಗಿ ತುಂಬಿಕೊಂಡು ಹೋಗ್ತಾನೇನು? ಅಂವ ಹಾರಿರಲಿಲ್ಲ. ಕಿಡಕಿ ಇಲ್ಲದ ಖೋಲ್ಯಾಗ ಎಚ್ಚರಾಗಿ, ಬೆಳಗಾತೇನಂತ ಕೇಳಿದ್ದ. ಹೇಳಾಕಿ ಅಬಲೂರಾಗ ಬೆಳಕಿಂಡಿ ಕೆಳಗ ಸಿಟ್ಟಿನ್ಯಾಗ ಮಲಗಿದ್ಲು. ಆಗಿರಬೇಕು ಅಂತ ತಾನ ತಿಳಕೊಂಡು, ಎದ್ದು ಇಲ್ಲಿಗೆ ಬಂದಿದ್ದ. ಹಾಲವ್ವ ಕಾಲು ಹಿಂದ ತಗೊಂಡು, ಸರಪಳಿ ತಬ್ಬಿಕೊಂಡು ಹೋ ಅಂತ ಅತ್ಲು. ಏಳು ವರ್ಷದ ಅಳು ಅದು. ಎಂಜಿನ್ನಿನ ಸಪ್ಪಳದಾಗ ಯಾರಿಗೂ ಕೇಳಲಿಲ್ಲ.

ಒಬ್ಬಂಗ ಕೇಳಿತು. ಕೆಳಗ, ನೀರಾಗಿಂದ, ದಣದ ದನಿ. "ಹಾಲವ್ವಾ, ಬೆಳಗಾತೇನ?"

ಆಗೇತಿ, ಏಳ್ರಿ ಅಂದ್ರ ಸಾಕು, ಎದ್ದು ಬರಾಂವ. ನಾಳೆನೂ ಬರಾಂವ, ನಾಡದನೂ ಬರಾಂವ, ಒದ್ದಿ ಮೈಲೆ ಚೀಲದ ಬಾಜೂಕ ಮಲಗಾಂವ. ಅಷ್ಟಾದ್ರೂ ಇರಲಿ ಅಂತ ಆಕಿ ಜೀವ ಒದ್ದ್ಯಾಡಿತು. ತುಟಿ ತನಕ ಬಂದ ಮಾತನ್ನ ಹಾಲವ್ವ ನುಂಗಿದ್ಲು. ಮುಗಲು ಇನ್ನೊಮ್ಮೆ ನೋಡಿ, ಇದ್ದದ್ದನ್ನ ಇದ್ದಂಗ ಹೇಳಿದ್ಲು.

"ಇನ್ನೂ ಆಗಿಲ್ರಿ. ಮಲಕೊಳ್ರಿ."

ಸೆರಗಿನ ಗಂಟು ಬಿಚ್ಚಿ ಹೊಲದ ಮಣ್ಣು ನೀರಿಗೆ ಬಿಟ್ಲು. ಮಲಗಂದ್ರ ಮಲಗಾಂವ ಅಂವ. ಮತ್ತ ಕೇಳಲಿಲ್ಲ.

ನಮಾಜಿಗೆ ಎದ್ದ ನಬೀಸಾಬ ಆಕಿನ್ನ ಹುಡುಕಿಕೊಂತ ಬಂದಾಗ ಮೂಡಣ ಕೆಂಪಾಗಿತ್ತು. ಪೆಟಗಿ, ಸರಪಳಿ, ತಂಬಿಗಿ, ಎಲ್ಲಾ ತೋರಿಸಿ ಹಾಲವ್ವ ಒಂದ ಮಾತು ಹೇಳಿದ್ಲು. "ಅವರು ಹಾರಿಲ್ಲಣ್ಣಾ, ಜಾರ್ಯಾರ." ಮುದುಕ ಟೊಪಗಿ ತಗದು ಮಾರಿ ಮುಚ್ಚಿಕೊಂಡ.

ಊರಿಗೆ ಬಂದು ಪಟಗಾ ಕುಣ್ಯಾಗ ಇಟ್ರು. ಮೊದಲನೇ ಹಿಡಿ ಮಣ್ಣು ಹಾಲವ್ವ ಕೊಟ್ಲು, ಎರಡನೇದು ಅನ್ನವ್ವ. ಬಳಿ ಹೋದ್ವು, ತಾಳಿ ಹೋತು. ಊರ ಬಾಯೂ ಮುಚ್ಚಿತು.

ಮರುದಿನ ನಸುಕಿನ್ಯಾಗ ಬೆಳಕಿಂಡಿ ಕೆಳಗ ಎಚ್ಚರಾದ್ಲು. ಕಾಯ್ದ್ಲು. ಬೆಳ್ಳಿ ಮೂಡಿತು, ಕೋಳಿ ಕೂಗಿದ್ವು, ಕಿಂಡ್ಯಾಗಿನ ಮುಗಲು ಬೆಳ್ಳಗಾತು. ಒಳಗಿನ ಖೋಲಿ ಗಪ್ಪ ಇತ್ತು. ಹಾಲವ್ವ ಆ ಕಡೆ ಮಾರಿ ಮಾಡಿ ಸಣ್ಣ ದನೀಲೆ ಕೇಳಿದ್ಲು.

"ಬೆಳಗಾತೇನ್ರಿ?"

ಯಾರೂ ಏನೂ ಅನ್ನಲಿಲ್ಲ. ಆಕಿ ಎದ್ದು, ತಂಬಿಗಿ ತುಂಬಿಕೊಂಡು ಹೊರಕಡೆ ಹೋದ್ಲು.