ಹಸಿರು ದೀಪ ನಂಬದ ಕಾವಲುಗಾರ

ನಾನು ಒಂದು ಕಾವಲು ಪ್ರೋಗ್ರಾಮು. ಕೈಯಿಲ್ಲ, ಕಾಲಿಲ್ಲ, ಇರುವುದು ಕಣ್ಣು ಮತ್ತು ಬಾಯಿ. ಬಾಯಿ ಸ್ವಲ್ಪ ಜೋರೇ. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ರೇವತಿ ಹೊಸಮನಿ ಎಂಬ ಇಂಜಿನಿಯರು ಗಿರ್ಮಿಟ್ ತಿನ್ನುತ್ತಾ ನನ್ನನ್ನು ಬರೆದಳು.

ಆ ಕಚೇರಿಯವರು ಕಾಲೇಜು ಸೀಟು ಆಯ್ಕೆಯ ಜಾಲತಾಣ ನಡೆಸುತ್ತಿದ್ದರು. ಅದು ಓಡುತ್ತಿದ್ದುದು ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರ್ ಯಂತ್ರಗಳ ಗುಂಪಿನಲ್ಲಿ. ಪ್ರತಿ ಯಂತ್ರದೊಳಗೂ ಕಂಟೇನರ್ ಎಂಬ ಡಬ್ಬಿಗಳು, ಕೆಲಸವೆಲ್ಲ ಅವುಗಳದ್ದೇ. ಹೊಸ ಯಂತ್ರ ಬಂದರೆ ಅದಕ್ಕೆ ಹೋಗುವ ದಾರಿಯನ್ನು ಕ್ಲೌಡ್‌ನ ಪಟ್ಟಿಯಲ್ಲಿ ಬರೆಯಬೇಕು. ಬರೆಯುವವನು ಬೇರೊಬ್ಬ ಪ್ರೋಗ್ರಾಮು. ಪಟ್ಟಿಯನ್ನೂ ಯಂತ್ರಗಳನ್ನೂ ತಾಳೆ ನೋಡಿ, ತಪ್ಪಿದ್ದರೆ ಕೂಗುವವನು ನಾನು. ಮಿಕ್ಕ ಕಾವಲುಗಾರರು ಯಂತ್ರ ಗಟ್ಟಿಯಾಗಿದ್ದರೆ ಕಚೇರಿಯ ಬೋರ್ಡಿನಲ್ಲಿ ಹಸಿರು ದೀಪ ಹಚ್ಚಿ ಸುಮ್ಮನಾಗುತ್ತಾರೆ. ಮನೆ ಗಟ್ಟಿಯಿದ್ದರೆ ಸಾಕೇ? ಅಲ್ಲಿಗೆ ಹೋಗಲು ದಾರಿ ಬೇಡವೇ?

ರೇವತಿ ಬೇರೆ ವಿಭಾಗಕ್ಕೆ ಹೋದಳು. ನಾನು ಅದೇ ಕಚೇರಿಯ ಹಿರಿಯ ಇಂಜಿನಿಯರು ಗುರುಸಿದ್ಧಪ್ಪ ಮುಳಗುಂದ ಅವರ ಕೈಗೆ ಬಂದೆ. ಹೊಸ ಯಂತ್ರ ಸೇರಿಸಿದಾಗಲೆಲ್ಲ ದಾರಿ ಬರೆಯುವುದು ಕೊಂಚ ತಡವಾಗುತ್ತದೆ, ನಾನು ಕೂಗುತ್ತೇನೆ. ಅವರಿಗೆ ರೇಗಿಹೋಯಿತು.

"ಇದೇನ್ ಮಾರಾಯಾ, ಸುಮ್ ಸುಮ್ನ ಹೊಯ್ಕೊಳ್ತೈತಿ! ಹೊಸಾ ಮಷಿನ್ ಹಾಕೂಮುಂದ ಇದರ ಬಾಯಿ ಬಂದ್ ಮಾಡಿಬಿಡ್ರಿ."

ಅದೇ ಪದ್ಧತಿಯಾಯಿತು. ನನ್ನ ಕೂಗು ಬೇಕಾದ ಹೊತ್ತಿಗೇ ನನ್ನ ಬಾಯಿಗೆ ಬೀಗ! ಆದರೆ ಕಣ್ಣು ತೆರೆದಿತ್ತಲ್ಲ; ಕೇಳುವವರಿಲ್ಲದಿದ್ದರೂ ನನ್ನ ಪುಟದಲ್ಲಿ ಕೆಂಪು ಗೆರೆ ಎಳೆಯುವುದನ್ನು ನಾನು ಬಿಡಲಿಲ್ಲ.

ಸೀಟು ಆಯ್ಕೆಯ ಕೊನೆಯ ದಿನ ನೂಕುನುಗ್ಗಲು. ಹೊಸ ಯಂತ್ರಗಳನ್ನು ಸೇರಿಸಿದರು, ನನ್ನ ಬಾಯಿ ಮುಚ್ಚಿದರು. ಪಟ್ಟಿಯನ್ನು ಮುಟ್ಟಲು ದಾರಿ ಬರೆಯುವವನಿಗಿದ್ದ ಪರವಾನಗಿಯ ಅವಧಿ ಅಂದೇ ಮುಗಿದಿತ್ತು. ಒಂದು ದಾರಿಯನ್ನೂ ಅವನಿಗೆ ಬರೆಯಲಾಗಲಿಲ್ಲ. ಯಂತ್ರಗಳೇನೋ ಗಟ್ಟಿಮುಟ್ಟು, ಬೋರ್ಡಿನ ತುಂಬ ಹಸಿರು. ಆ ಕಡೆಗೆ ಹೊರಟ ಮಕ್ಕಳ ಆಯ್ಕೆಗಳು ಮಾತ್ರ ತಲುಪಲೇ ಇಲ್ಲ. ನಾನು ಒಳಗೇ ಒದ್ದಾಡಿದೆ.

ಮಧ್ಯಾಹ್ನ ಸಹಾಯವಾಣಿಯ ಮೂಲಕ ಗುರುಸಿದ್ಧಪ್ಪನವರಿಗೆ ಫೋನು ಬಂತು.

"ಸರ, ನವಲಗುಂದದಿಂದ ಪೂರ್ಣಿಮಾ ತಳವಾರ ಅಂತ್ರಿ. ನರ್ಸಿಂಗ್ ಸೀಟ್ ಒತ್ತಿದ್ರ ಬರೇ ತಿರಗಾಕತ್ತೈತ್ರಿ."

"ನಿಮ್ಮೂರಾಗ ನೆಟ್‌ವರ್ಕ್ ಇಲ್ಲ ನೋಡವಾ. ನಮ್ ಬೋರ್ಡ್ ಪೂರಾ ಹಸಿರೈತಿ."

"ಓಣ್ಯಾಗಿನ ಎಲ್ಲಾರ ಫೋನ್‌ನಾಗೂ ನೋಡೇನ್ರಿ. ಸಂಜಿಗೆ ಬಂದ್ ಆಗತೈತ್ರಿ. ಈ ಸಲ ಸೀಟ್ ಸಿಗಲಿಲ್ಲಂದ್ರ ಅಪ್ಪಾರು ಓದ್ ಬಿಡಸ್ತೀನಿ ಅಂದಾರ್ರಿ."

ಗುರುಸಿದ್ಧಪ್ಪ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಇಡಬ್ಯಾಡವಾ ಫೋನು," ಎಂದು ಹೇಳಿ, ಮೊದಲ ಸಲ ತಾವಾಗಿಯೇ ನನ್ನ ಪುಟ ತೆರೆದರು. ನೋಡಿ, ನೋಡಿ ಎಂದು ನನ್ನ ಜೀವ ಬಡಿದುಕೊಂಡಿತು. ಕೆಂಪು ಗೆರೆ ಕಂಡಿತು.

"ಅಯ್ಯಯ್ಯೋ, ದಾರೀನ ಇಲ್ಲಲ್ಲೋ!"

ಪರವಾನಗಿ ನವೀಕರಿಸಿದರು. ದಾರಿಗಳು ಒಂದೊಂದಾಗಿ ಪಟ್ಟಿಗೆ ಬಂದವು.

"ಈಗ ಒತ್ತವಾ."

"ಬಂತ್ರಿ ಸರ! ಹಸಿರ್ ಗುರ್ತು ಬಂತ್ರಿ!" ಅವಳು ಅಳುತ್ತಲೇ ನಕ್ಕಳು. ನನಗಾದ ಖುಷಿ ಅಷ್ಟಿಷ್ಟಲ್ಲ. ಮಿಕ್ಕ ಮಕ್ಕಳಿಗಾಗಿ ಗಡುವನ್ನು ಮರುದಿನಕ್ಕೆ ವಿಸ್ತರಿಸುವಂತೆ ಗುರುಸಿದ್ಧಪ್ಪನವರೇ ಮೇಲಿನವರ ಬೆನ್ನು ಹತ್ತಿದರು. ನನ್ನ ಬಾಯಿಯ ಬೀಗವನ್ನೂ ತೆಗೆದರು. ದಾರಿ ತೀರಾ ತಡವಾದರೆ ಮಾತ್ರ ಕೂಗು ಎಂದು ತಿದ್ದಿದರು. ನ್ಯಾಯವೇ, ಒಪ್ಪಿಕೊಂಡೆ.

ಈಗ ನನಗೆ ವಯಸ್ಸಾಗಿದೆ. ಹೊಸ ವ್ಯವಸ್ಥೆ ಬರುತ್ತಿದೆ. ಅದಕ್ಕೆ ದಾರಿಪಟ್ಟಿಯೇ ಬೇಡವಂತೆ. ಮೂಲೆಯ ಹಳೆಯ ಯಂತ್ರದಲ್ಲಿ ಕೂತಿದ್ದೇನೆ, ನಾಳೆ ನಿಲ್ಲಿಸುತ್ತಾರೆ. ಇವತ್ತು ಹೊಸ ತಂಡದವರು ತಮ್ಮ ಬೋರ್ಡು ತೋರಿಸಿ, "ಸರ್, ಎಲ್ಲಾ ಹಸಿರು!" ಎಂದರು.

ಗುರುಸಿದ್ಧಪ್ಪ ಕನ್ನಡಕ ತೆಗೆದರು. "ಹಸಿರಿರ್ಲಿ. ಆ ಹುಡುಗಿ ಒತ್ತಿದ್ದು ಈ ಕಡಿ ಮುಟ್ಟತೈತೇನು? ಅದನ್ನ ಹೇಳ್ರಿ."

ನಾಳೆ ನನ್ನನ್ನು ಧಾರಾಳವಾಗಿ ನಿಲ್ಲಿಸಲಿ.