ಫ್ಲೋರಿ ಆಡಿದ ಮಾತು

ಚಮಚ ಹೊಳೆಯಿತು, ಕಿಟಕಿಯ ಬಿಸಿಲು ಅದರ ಹೊಟ್ಟೆಯಲ್ಲಿ ತುಂಬಿಕೊಂಡು ಕೂಸಿನ ಎರಡು ಕಣ್ಣಲ್ಲೂ ಒಂದೊಂದು ಚುಕ್ಕೆಯಾಗಿ ಕೂತಿತು, ಫ್ಲೋರಿ ಅದನ್ನು ಎಡಕ್ಕೆ ಒಯ್ದಳು, ನಿಧಾನ, ಇನ್ನೂ ನಿಧಾನ — ಚುಕ್ಕೆ ಸರಿಯಿತು, ಕಣ್ಣು ಸರಿಯಲಿಲ್ಲ. ಹತ್ತು ವಾರದ ಕೂಸು, ನಿದ್ದೆಗಣ್ಣಿರಬೇಕು, ಆದರೆ ಪಕ್ಕದ ಹೊಲದ ಆಗ್ನೆಸಳ ಕೂಸು ಇಷ್ಟೇ ವಾರಕ್ಕೆ ಬೆಕ್ಕಿನ ಬಾಲ ಹೋದತ್ತ ಕಣ್ಣು ಹೊರಳಿಸುತ್ತಿತ್ತಲ್ಲ, ಮೊನ್ನೆ ಭಾನುವಾರ ಪ್ರಾರ್ಥನೆಯಲ್ಲಿ ಹೊಸ ಬೋಧಕ ಪೀಠ ಗುದ್ದಿ ಗುದ್ದಿ ಹೇಳಿದ, ನಾವು ಬಯ್ಯೋದೇ ಇಲ್ಲ ಅಂತ ಬೀಗ್ತೀರಿ, ಕ್ರೈಕಿ ಅಂತೀರಲ್ಲ, ಅದು ಮುಸುಕು ಹಾಕಿಕೊಂಡ ಕ್ರಿಸ್ತನ ಹೆಸರು, ಡ್ರ್ಯಾಟ್ ಅಂದ್ರೆ ದೇವರು ಇದನ್ನ ಕೊಳೆಸಲಿ ಅಂತ, ಬ್ಲೈಮಿ ಅಂದ್ರೆ ದೇವರು ನನ್ನನ್ನ ಕುರುಡು ಮಾಡಲಿ ಅಂತ — ಜನ ಮುಸಿಮುಸಿ ನಕ್ಕರು, ಅವಳು ಮಡಿಲ ಕೂಸಿನ ಕಣ್ಣು ನೋಡಿದಳು. ಅವಳು ಹುಟ್ಟಿ ಬೆಳೆದ ಲಂಡನ್ನಿನ ಹಡಗುಕಟ್ಟೆ ಬೀದಿಯಲ್ಲಿ ಬ್ಲೈಮಿ ಬರೀ ಉಸಿರು, ಬಿಸಿ ಚಹಾ ಅಪ್ಪನ ನಾಲಿಗೆ ಸುಟ್ಟರೆ ಬ್ಲೈಮಿ, ಅಮ್ಮ ಮೀನಿನ ಬೆಲೆ ಕೇಳಿದರೆ ಬ್ಲೈಮಿ, ಗಂಡ ಸೆತ್‌ನ ಕೈ ಹಿಡಿದು ಯಾರ್ಕ್‌ಶೈರಿನ ಈ ಕುರಿಗುಡ್ಡಕ್ಕೆ ಬಂದ ದಿನವೇ ಅತ್ತೆ, ನಮ್ಮನೇಲಿ ಬೈಗುಳ ಇಲ್ಲ ಹುಡುಗಿ, ತಡೀಲಾರದೆ ಹೋದ್ರೆ ಡ್ರ್ಯಾಟ್ ಅನ್ನು, ಸಾಕು, ಅಂದಿದ್ದಳು. ಕೋಳಿಗಳಿಗೆ ದಿನಕ್ಕೆ ನಲವತ್ತು ಸಲ ಡ್ರ್ಯಾಟ್ ಅಂತಿದ್ದಳು, ಕೋಳಿಗೆ ಏನಾಯಿತು, ಏನೂ ಆಗಲಿಲ್ಲ, ಹೌದು, ಏನೂ — ಕೆಂಪು ಕೋಳಿಯ ಕಾಲು ಕೊಳೆತಿತ್ತಲ್ಲ, ಅತ್ತೆಯೇ ಡಾಂಬರು ಹಚ್ಚಿ ಬಟ್ಟೆ ಸುತ್ತಿದಳಲ್ಲ. ಬೇಡ, ಅದನ್ನು ನೆನೆಯಬೇಡ, ಬ್ಲೈಮಿಗೆ ನನ್ನನ್ನ ಅಂತ ತಾನೇ ಅರ್ಥ, ನನ್ನ ಕಣ್ಣೇ ತಗೋ ದೇವರೇ, ಈಗಲೇ ತಗೋ, ಆದರೆ ಒದೆಯುವ ಹಸುವಿನ ಹಾಲು ಕರೆಯುವಾಗ, ಮಂಜಲ್ಲಿ ಜಾರುವಾಗ, ತುಂಬಿದ ಹೊಟ್ಟೆ ಹೊತ್ತು ಒಂಬತ್ತು ತಿಂಗಳೂ ಅಂದದ್ದೇ ಅಂದದ್ದು, ಆಗ ಒಂದೇ ಮೈ, ಯಾರ ಕಣ್ಣು ಯಾರದೆಂದು ದೇವರಿಗಾದರೂ ಹೇಗೆ ಗೊತ್ತಾಗಬೇಕು, ಸೂಲಗಿತ್ತಿ ಕೂಸನ್ನು ಎತ್ತಿ ತೋರಿಸಿದಾಗ ಬಾಯಿಂದ ಮೊದಲು ಬಂದದ್ದೂ ಅದೇ, ಬ್ಲೈಮಿ, ಎಂಥ ಕಣ್ಣೇ ಇವು! ಅಂಗಳದಲ್ಲಿ ತಗಡಿನ ಬಕೆಟ್ ಉರುಳಿತು, ಡ್ರ್ಯಾ — ಭಾನುವಾರದಿಂದ ಅತ್ತೆ ಅಲ್ಲಿಗೇ ನುಂಗುತ್ತಾಳೆ — ಕೂಸು ಬೆಚ್ಚಿ ಸದ್ದಿನತ್ತ ತಲೆ ಹೊರಳಿಸಿತು, ಕಿವಿ ಕೇಳುತ್ತದೆ, ಕಿವಿ ಚೆನ್ನಾಗಿಯೇ ಕೇಳುತ್ತದೆ, ಏನ್ ಮಾಡ್ತಿದ್ದೀಯೇ ಹುಡುಗಿ ಅಷ್ಟೊತ್ತಿಂದ, ಹೊಸ್ತಿಲಲ್ಲಿ ಅತ್ತೆ, ಏನಿಲ್ಲ ಅತ್ತೆ, ಚಮಚ ಉಜ್ಜುತ್ತಿದ್ದೆ, ನಾಮಕರಣಕ್ಕೆ ಕೊಟ್ಟದ್ದು ಕಪ್ಪಾಗಿದೆ ಅಂತ, ಇನ್ನೊಂದೇ ಸಲ, ಈ ಸಲ ಬಲಕ್ಕೆ, ಉಸಿರು ಬಿಡದೆ, ತುಟಿ ಕಚ್ಚಿಕೊಂಡು — ಚುಕ್ಕೆ ಸರಿಯಿತು, ಚುಕ್ಕೆ ಮಾತ್ರ ಸರಿಯಿತು