ಕೆಂಚಿ ಅಳೆದ ರಸ್ತೆ

೧೯೫೯ರ ಮೇ ತಿಂಗಳ ಒಂದು ಬೆಳಿಗ್ಗೆ, ಕುಟ್ಟದ ಕಡೆಯ ಕಾಫಿ ತೋಟವೊಂದರ ಜೀಪು ಗೋಣಿಕೊಪ್ಪದ ಮಣ್ಣುರಸ್ತೆಯಲ್ಲಿ ಪಂಕ್ಚರ್ ಆಯಿತು. ಡ್ರೈವರ್ ಸಾಂತಪ್ಪ ಅದನ್ನು ಚರಂಡಿಯ ಅಂಚಿಗೆ ಒತ್ತಿ ನಿಲ್ಲಿಸಿದ. ಹಿಂದಿನಿಂದ ಬರುವವರಿಗೆ ಕಾಣಲೆಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ಸೊಪ್ಪಿನ ಕೊಂಬೆಯೊಂದನ್ನಿಟ್ಟು, ಬಲಗಡೆಯ ಚಕ್ರ ಬಿಚ್ಚಲು ಕುಳಿತ.

ಜೀಪಿನಲ್ಲಿ ಅವನ ಜೊತೆ ಬಂದಿದ್ದವಳು ಕೆಂಚಿ ಒಬ್ಬಳೇ. ಕಾಫಿ ಗಿಡ ನೆಡುವ ಜಾಗದಲ್ಲಿ ಅಳತೆಗೋಲು ಹಿಡಿದು ಗೂಟ ಹೊಡೆಯುವುದು ಅವಳ ಕೆಲಸ. ಗೂಟಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅವಳು ಚರಂಡಿಯಾಚೆ ಕೂತಿದ್ದಳು.

ತಿರುವಿನಿಂದ ಹಸಿರು ಕಾರೊಂದು ನುಗ್ಗಿ ಬಂತು. ಕೊಂಬೆಯ ಮೇಲೆಯೇ ಹಾಯ್ದು, ಸಾಂತಪ್ಪನ ಕಾಲಿಗೆ ಬಡಿದು, ಜೀಪಿಗೆ ಉಜ್ಜಿಕೊಂಡಂತೆ ಸಾಗಿತು. ಅವನು ಕಿರುಚಿದ. ಕಾರು ನಿಲ್ಲಲಿಲ್ಲ. ಆದರೆ ಅದು ಯಾರದೆಂದು ಆ ಸೀಮೆಗೆಲ್ಲ ಗೊತ್ತಿತ್ತು: ಮರದ ಕಂಟ್ರಾಕ್ಟರ್ ನಂಜಪ್ಪನದು.

ಕಾಲು ಮುರಿದಿದ್ದ ಸಾಂತಪ್ಪನನ್ನು ಹಿಂದೆ ಬಂದ ಬಸ್ಸಿನವರು ಎತ್ತಿಕೊಂಡರು. ಕಂಡಕ್ಟರ್ ಕೆಂಚಿಯನ್ನೂ ಕರೆದ.

"ನೀವು ಓಗಿ. ಮಳೆ ಬತ್ತದೆ, ಗುರುತೆಲ್ಲ ಅಳಿಸೋಯ್ತದೆ," ಎಂದಳು ಅವಳು.

ಬಸ್ಸು ಹೋದ ಮೇಲೆ ಜೀಪಿನ ನಾಲ್ಕು ಚಕ್ರಗಳ ಪಕ್ಕ ಗೂಟ ಹೊಡೆದಳು. ಕಾರಿನ ಚಕ್ರದ ಗುರುತಿನ ಉದ್ದಕ್ಕೂ ಹೊಡೆದಳು. ಕೋಲಿನಿಂದ ಅಳೆದಳು. ಮಧ್ಯಾಹ್ನ ಮಳೆ ಸುರಿಯಿತು; ಅವಳು ಕದಲಲಿಲ್ಲ. ಪೊಲೀಸರು ಬಂದಾಗ ಗುರುತುಗಳು ಅಳಿಸಿದ್ದವು, ಗೂಟಗಳು ನಿಂತಿದ್ದವು.

ವಿರಾಜಪೇಟೆಯ ಕೋರ್ಟಿನಲ್ಲಿ ನಂಜಪ್ಪ ಬೇರೆಯೇ ಕತೆ ಹೇಳಿದ. ಜೀಪು ನಡುರಸ್ತೆಯಲ್ಲಿತ್ತು, ಸಾಂತಪ್ಪ ದಿಢೀರನೆ ಅಡ್ಡ ಬಂದ ಎಂದ. ಊರುಗೋಲಿನ ಮೇಲೆ ನಿಂತಿದ್ದ ಸಾಂತಪ್ಪನ ಮುಖ ಬಾಡಿತು.

ಕೆಂಚಿ ಸಾಕ್ಷಿಕಟ್ಟೆ ಹತ್ತಿದಳು. "ಜೀಪಿನಿಂದ ಆ ಕಡೆ ಅಂಚಿಗೆ ಅನ್ನೆರಡು ಅಡಿ ರಸ್ತೆ ಖಾಲಿ ಇತ್ತು ಸಾಮಿ. ಈವಯ್ಯ ಜೀಪಿಗೆ ಎರಡೇ ಅಡಿ ಬುಟ್ಟು ಓಡಿಸ್ದ."

ನಂಜಪ್ಪನ ವಕೀಲ ನಕ್ಕ. "ಓದು ಬರುತ್ತೇನಮ್ಮ?"

"ಇಲ್ಲ."

"ಅಕ್ಷರ ಗೊತ್ತಿಲ್ಲದವಳ ಅಳತೆಯನ್ನು ನಂಬಬೇಕೇ, ಸ್ವಾಮಿ?"

ಕೆಂಚಿಗೆ ಕೆನ್ನೆ ಬಿಸಿಯಾಯಿತು. "ಅನ್ನೊಂದು ವರ್ಸದಿಂದ ಗೂಟ ಒಡೀತಿವ್ನಿ ಸಾಮಿ. ನಾನು ಆಕಿದ ಸಾಲು ಒಂದಾದ್ರೂ ಸೊಟ್ಟಗಿದ್ರೆ ತೋರಿಸ್ಲಿ."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ಈ ಕೋಣೆ ಎಷ್ಟು ಉದ್ದವಿದೆ, ಹೇಳು ನೋಡೋಣ."

ಕೆಂಚಿ ಕೆಳಗಿಳಿದು, ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದಳು. ಬೆಂಚಿನ ಮೇಲಿದ್ದವರು ಕಾಲು ಎಳೆದುಕೊಂಡು ದಾರಿಬಿಟ್ಟರು.

"ಇಪ್ಪತ್ತೆಂಟು ಅಡಿ. ಅದ್ರಾಗೆ ಒಂದು ಗೇಣು ಕಮ್ಮಿ."

ಗುಮಾಸ್ತ ಟೇಪು ಎಳೆದ. ಇನ್ನೊಮ್ಮೆ ಎಳೆದ. "ಇಪ್ಪತ್ತೇಳು ಅಡಿ ಮೂರು ಇಂಚು, ಸ್ವಾಮಿ! ಒಂಬತ್ತು ಇಂಚು, ಸರಿಯಾಗಿ ಒಂದು ಗೇಣು ಕಮ್ಮಿ!"

ಕೋರ್ಟಿನಲ್ಲಿ ಗದ್ದಲವೆದ್ದಿತು. ಸಾಂತಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿಯೇಬಿಟ್ಟ. ವಕೀಲ ಕಾಗದಗಳನ್ನು ಮಡಚಿ ಕುಳಿತ.

"ನಿಂತ ಗಾಡಿ ಕಂಡರೆ ವೇಗ ತಗ್ಗಿಸಬೇಕು, ದೂರ ಬಿಟ್ಟು ಸಾಗಬೇಕು. ಹನ್ನೆರಡು ಅಡಿ ರಸ್ತೆ ಇದ್ದೂ ನೀವು ಮನುಷ್ಯನ ಮೇಲೆ ಹಾಯಿಸಿದಿರಿ," ಎಂದು ಮ್ಯಾಜಿಸ್ಟ್ರೇಟರು ನಂಜಪ್ಪನಿಗೆ ದಂಡ ವಿಧಿಸಿದರು. ಒಂದು ವರ್ಷ ಲೈಸೆನ್ಸನ್ನೂ ಅಮಾನತು ಮಾಡಿದರು.

ಹೊರಗೆ ನಂಜಪ್ಪ ತನ್ನ ಹಸಿರು ಕಾರಿನ ಬಾಗಿಲು ತೆರೆದ. ಪೊಲೀಸಿನವನು ಕೈ ಚಾಚಿದ. "ಕೀ ಕೊಡಿ ಸಾರ್. ಇವತ್ತಿನಿಂದ್ಲೇ."

ಸಂಜೆಯ ಕುಟ್ಟ ಬಸ್ಸಿನಲ್ಲಿ ಕೆಂಚಿಯೂ ಸಾಂತಪ್ಪನೂ ಮುಂದಿನ ಸೀಟಿನಲ್ಲಿ ಕೂತಿದ್ದರು. ಬಸ್ಸು ತುಂಬಿತ್ತು. ಕೊನೆಗೆ ಹತ್ತಿದ ನಂಜಪ್ಪ, ಸೀಟಿಲ್ಲದೆ, ಗೋಣಿಕೊಪ್ಪದವರೆಗೂ ಕಂಬಿ ಹಿಡಿದು ನಿಂತ. ಪ್ರತಿ ತಿರುವಿಗೂ ತೂರಾಡಿದ.

"ಜರುಗಿ ಜಾಗ ಕೊಡ್ಲಾ?" ಎಂದು ಸಾಂತಪ್ಪ ಪಿಸುಗುಟ್ಟಿದ.

"ಸುಮ್ನೆ ಕೂತ್ಕೊ," ಎಂದಳು ಕೆಂಚಿ. ನಗು ತಡೆಯಲಾಗಲಿಲ್ಲ, ತಡೆಯಬೇಕೆಂದೂ ಅನ್ನಿಸಲಿಲ್ಲ.